ಬೀಗ ಹಾಕಿದ ಮನೆಗೆ ಕರೆಂಟು ಎಷ್ಟು ಬಿಡಬೇಕು, ವಿಮೆ ಹೇಗೆ ಮಾಡಿಸಬೇಕು

ದಾವಣಗೆರೆಯ ವಿದ್ಯಾನಗರ, ಎಂಸಿಸಿ ಬ್ಲಾಕು, ಚಿತ್ರದುರ್ಗದ ಜೆಸಿಆರ್ ಬಡಾವಣೆ, ತುರುವನೂರು ರಸ್ತೆ, ಯಾವ ಕಡೆ ಹೋದರೂ ಹಬ್ಬಕ್ಕೊಮ್ಮೆ ಬಾಗಿಲು ತೆರೆಯುವ ಮನೆಗಳು ಕಾಣುತ್ತವೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇರುತ್ತಾರೆ, ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹಿರಿಯರೂ ಅಲ್ಲಿಗೇ ಹೋಗಿರುತ್ತಾರೆ. ಇಂಥ ಮನೆಯಲ್ಲಿ ಕೆಡುವುದು ಎಲ್ಲ ಮನೆಗಳಲ್ಲಿ ಕೆಡುವಂಥದ್ದೇ: ನಲ್ಲಿಯ ವಾಷರ್ ಸವೆಯುತ್ತದೆ, ಸ್ವಿಚ್ಚಿನ ಸ್ಕ್ರೂ ಸಡಿಲವಾಗುತ್ತದೆ, ಇಲಿ ವೈರು ಕಡಿಯುತ್ತದೆ. ಜನ ಇರುವ ಮನೆಯಲ್ಲಿ ಅದು ಅವತ್ತೇ ಗೊತ್ತಾಗುತ್ತದೆ. ಬೀಗ ಹಾಕಿದ ಮನೆಯಲ್ಲಿ ನಲವತ್ತು ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಲ್ಲು ಏರುವುದೂ ಈ ನಲವತ್ತು ದಿನದಿಂದಲೇ, ವಿಮೆ ಕಂಪನಿ ಕ್ಲೇಮು ತಳ್ಳಿಹಾಕುವುದೂ ಇದೇ ಕಾರಣಕ್ಕೆ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು.

ಮೊದಲು ಮೀಟರಿನ ಮುಂದೆ ನಿಲ್ಲಿ

ಮನೆಯ ಎಲ್ಲ ದೀಪ, ಫ್ಯಾನು, ಟಿವಿ ಆರಿಸಿ ಮೀಟರಿನ ಹತ್ತಿರ ಬನ್ನಿ. ಅದರ ಮೇಲೆ ಮಿಣುಕುವ ಸಣ್ಣ ಕೆಂಪು ದೀಪವಿರುತ್ತದೆ, ಪಕ್ಕದಲ್ಲೇ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಅಚ್ಚಾಗಿರುತ್ತದೆ. 3200 ಎಂದಿದ್ದರೆ ಲೆಕ್ಕ ಸುಲಭ: ಒಂದು ಮಿಣುಕಿನಿಂದ ಮುಂದಿನ ಮಿಣುಕಿಗೆ ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ಅಳೆದು, 1125ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ಆ ಕ್ಷಣ ಮನೆ ಎಳೆಯುತ್ತಿರುವ ವ್ಯಾಟು. 1600 ಎಂದಿದ್ದರೆ 1125ರ ಬದಲು 2250 ತೆಗೆದುಕೊಳ್ಳಿ. ಮೀಟರು 3200ರದಾಗಿದ್ದು, 56 ಸೆಕೆಂಡಿಗೊಮ್ಮೆ ಮಿಣುಕಿದರೆ ಸುಮಾರು 20 ವ್ಯಾಟು. ನೋಡಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ ಹಗಲೂ ರಾತ್ರಿ ನಡೆದರೆ ತಿಂಗಳಿಗೆ 14.4 ಯೂನಿಟ್ಟು.

ಈಗ ಡಿಬಿ ಬಾಕ್ಸಿನ, ಅಂದರೆ ಮನೆಯ ಲೈನುಗಳು ಕವಲೊಡೆಯುವ ಪೆಟ್ಟಿಗೆಯ, ಎಂಸಿಬಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸುತ್ತ ಹೋಗಿ, ಪ್ರತಿ ಸಲ ಮಿಣುಕಿನ ಅಂತರ ನೋಡಿ. ಕಳ್ಳ ಯಾವ ಲೈನಿನಲ್ಲಿದ್ದಾನೆ ಎಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಬಹಳ ಸಲ ಸಿಗುವುದು ಸುಮ್ಮನೆ ಆನ್ ಇರುವ ಇನ್ವರ್ಟರ್, ಸೆಟ್‌ಟಾಪ್ ಬಾಕ್ಸು, ವೈಫೈ ಪೆಟ್ಟಿಗೆ, ದೇವರ ಮನೆಯ ಅಥವಾ ಹಿರಿಯರ ಫೋಟೊ ಮುಂದಿನ ಕೆಂಪು ಝೀರೋ ಬಲ್ಬು. ಎಲ್ಲ ಎಂಸಿಬಿ ಇಳಿಸಿ ಮೈನ್ ಸ್ವಿಚ್ಚನ್ನೂ ಆರಿಸಿದ ಮೇಲೆಯೂ ಮಿಣುಕು ನಿಲ್ಲದಿದ್ದರೆ ಮೀಟರಿಗೂ ಮೈನಿಗೂ ನಡುವೆ ಯಾವುದೋ ವೈರು ಹೋಗಿದೆ ಎಂದೋ, ಮೀಟರು ಕೆಟ್ಟಿದೆ ಎಂದೋ ಅರ್ಥ. ಮೀಟರಿನಲ್ಲಿ ಅರ್ತ್ ಗುರುತಿನ ದೀಪ ಉರಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಪಕ್ಕದ ಪೋರ್ಷನ್ನಿನ ನ್ಯೂಟ್ರಲ್ಲು ನಿಮ್ಮದರ ಜತೆ ಸೇರಿಕೊಂಡಿದೆ. ಮೇಲ್ಮನೆ ಬಾಡಿಗೆಗೆ ಕೊಟ್ಟು ಕೆಳಮನೆ ಮುಚ್ಚಿದ ಕಡೆ ಇದು ಮಾಮೂಲು. ಇದನ್ನು ಸರಿಮಾಡಿಸದೆ ಊರು ಬಿಡಬೇಡಿ.

ಬಿಲ್ಲಿನ ವಿಷಯ ಎರಡು ಮಾತು. ಒಂದು ಯೂನಿಟ್ಟೂ ಸುಡದಿದ್ದರೂ ಬೆಸ್ಕಾಂ ನಿಗದಿತ ಶುಲ್ಕ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ ಬೀಳುತ್ತದೆ. 2025-26ರಲ್ಲಿ ಅದು ಗೃಹಬಳಕೆಗೆ ತಿಂಗಳಿಗೆ 145 ರೂಪಾಯಿ ಇತ್ತು. ಎಸಿ, ಗೀಸರು ಎಂದು 5 ಕಿಲೋವ್ಯಾಟ್ ಪಡೆದಿದ್ದವರು ಮನೆ ಮುಚ್ಚಿ ವರ್ಷಗಟ್ಟಲೆ ಇರುವುದಾದರೆ 2ಕ್ಕೆ ಇಳಿಸಲು ಉಪವಿಭಾಗ ಕಚೇರಿಗೆ ಅರ್ಜಿ ಕೊಡಬಹುದು. ಆ ದರದಲ್ಲಿ ವರ್ಷಕ್ಕೆ 5,220 ರೂಪಾಯಿ ಉಳಿಯುತ್ತದೆ. ಚಾವಣಿ ಸೋಲಾರ್ ಇದ್ದರೆ ಮಾತ್ರ ಮೊದಲು ಕಚೇರಿಯಲ್ಲಿ ವಿಚಾರಿಸಿ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತಿರುವ ಮನೆಗೆ ಈ ಲೆಕ್ಕ ಬೇಕಿಲ್ಲ. ಆದರೆ ಅಲ್ಲಿ ಇನ್ನೊಂದು ತೊಡಕಿದೆ: ಒಂದು ಆಧಾರಿಗೆ ಒಂದೇ ಸಂಪರ್ಕ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಆ ಸೌಲಭ್ಯ ಬೇಕಿದ್ದರೆ ಊರಿನ ಮನೆಯ ಆರ್.ಆರ್. ನಂಬರಿನಿಂದ ಆಧಾರ್ ಬಿಡಿಸಿಕೊಳ್ಳಬೇಕು. ಸೇವಾ ಸಿಂಧು ಪೋರ್ಟಲಿನಲ್ಲಿ ಅದಕ್ಕೆ ಅವಕಾಶವಿದೆ.

ಮೀಟರು ಗೇಟಿನೊಳಗೆ, ಜಾಲರಿ ಬಾಗಿಲ ಹಿಂದೆ ಇದ್ದರೆ ರೀಡರ್ ಬಂದು ‘ಡೋರ್ ಲಾಕ್’ ಎಂದು ಬರೆದು ಸರಾಸರಿ ಬಿಲ್ಲು ಹಾಕಿ ಹೋಗುತ್ತಾರೆ. ಮನೆ ಖಾಲಿಯಿದ್ದರೂ ತುಂಬಿದ ಮನೆಯ ಬಿಲ್ಲು. ಹೊರಗಿನಿಂದ ಓದುವಂತೆ ಕಾಂಪೌಂಡಿಗೆ ಮೀಟರು ಸಾಗಿಸುವುದೇ ಗಟ್ಟಿ ಪರಿಹಾರ. ಮೊಬೈಲಿನಲ್ಲಿ ಬಿಲ್ಲು ತಾನಾಗಿಯೇ ಪಾವತಿಯಾಗುವಂತೆ ಮಾಡಿಡಿ. ಬಾಕಿ ಉಳಿದರೆ ಲೈನ್‌ಮನ್ ಸಂಪರ್ಕ ಕಡಿತ ಮಾಡುತ್ತಾರೆ, ಆ ಕ್ಷಣದಿಂದ ನಿಮ್ಮ ಸಿಸಿ ಕ್ಯಾಮೆರಾ ಕುರುಡು.

ಒಂದು ಲೈನು ಜೀವಂತ, ಉಳಿದದ್ದೆಲ್ಲ ಬಂದ್

‘ಮೈನ್ ಆರಿಸಿ ಹೋದರಾಯಿತು’ ಎಂಬುದು ಹದಿನೈದು ದಿನದ ಪ್ರಯಾಣಕ್ಕೆ ಸರಿ. ತಿಂಗಳುಗಟ್ಟಲೆ ಮುಚ್ಚುವ ಮನೆಗೆ ಕ್ಯಾಮೆರಾ, ವೈಫೈ, ಗೇಟಿನ ದೀಪ ಬೇಕಾಗುತ್ತವೆ. ಅವಕ್ಕಾಗಿ ಇಡೀ ಮನೆಯ ವೈರಿಂಗಿನಲ್ಲಿ ಕರೆಂಟು ಹರಿಸಿಡುವುದು ತಪ್ಪು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಕೆಲಸ: ಡಿಬಿ ಬಾಕ್ಸಿನಲ್ಲಿ ಈ ಮೂರಕ್ಕೆ ಮಾತ್ರ ಒಂದು ಪ್ರತ್ಯೇಕ ಲೈನು ಎಳೆಸಿ, ಅದಕ್ಕೆ 6 ಆಂಪಿಯರಿನ, 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವ ಆರ್‌ಸಿಬಿಒ ಸ್ವಿಚ್ಚು ಒಂದನ್ನು ಹಾಕಿಸಿ. ಈ ಲೈನು ಮನೆಯ ದೊಡ್ಡ ಆರ್‌ಸಿಸಿಬಿಯ (ಎಲ್ಲಾದರೂ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಕೆಳಗೆ ಬರಬಾರದು. ಬಂದರೆ, ಮಳೆಗಾಲದಲ್ಲಿ ಹಿತ್ತಲ ಪ್ಲಗ್ಗಿಗೆ ಪಸೆ ಹಿಡಿದು ಆರ್‌ಸಿಸಿಬಿ ಬಿದ್ದಾಗ ಕ್ಯಾಮೆರಾವೂ ಜತೆಗೇ ನಿಲ್ಲುತ್ತದೆ, ಅದನ್ನು ಎತ್ತಲು ಮನೆಯಲ್ಲಿ ಯಾರೂ ಇರುವುದಿಲ್ಲ.

ಈ ಲೈನಿನ ಖರ್ಚು ಹೀಗೆ. ನಾಲ್ಕು ಕ್ಯಾಮೆರಾ ಮತ್ತು ರೆಕಾರ್ಡರ್ 40 ವ್ಯಾಟ್ ಎಂದರೆ ತಿಂಗಳಿಗೆ 28.8 ಯೂನಿಟ್. 12 ವ್ಯಾಟಿನ ವೈಫೈ 8.6. ಕತ್ತಲಾದರೆ ತಾನೇ ಹತ್ತುವ 9 ವ್ಯಾಟಿನ ಎಲ್‌ಇಡಿ ರಾತ್ರಿ 12 ತಾಸಿಗೆ 3.2. ಒಟ್ಟು 40 ಯೂನಿಟ್ ಆಸುಪಾಸು. ಇದಕ್ಕಿಂತ ಹೆಚ್ಚು ಬಂದ ತಿಂಗಳು ಯಾರನ್ನಾದರೂ ಕಳಿಸಿ ನೋಡಿಸಬೇಕು. ಖಾಲಿ ಮನೆಯ ಬಿಲ್ಲು ನಿಮಗೆ ಸಿಗುವ ಅತಿ ಅಗ್ಗದ ಎಚ್ಚರಿಕೆ ಗಂಟೆ.

ಏಪ್ರಿಲ್-ಮೇ ತಿಂಗಳ ಗಾಳಿ ಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದರೆ ಸಿಂಗಲ್ ಫೇಸ್ ಮನೆಗೂ 400 ವೋಲ್ಟಿನ ಹತ್ತಿರ ನುಗ್ಗಬಹುದು. ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಇರುವ ದುರ್ಗದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 270 ವೋಲ್ಟ್ ದಾಟಿದರೆ ತಾನೇ ಕಡಿದು, ಸರಿಯಾದ ಮೇಲೆ ತಾನೇ ಕೂಡಿಸುವ ವೋಲ್ಟೇಜ್ ಪ್ರೊಟೆಕ್ಟರನ್ನು ಅದೇ ಲೈನಿಗೆ ಹಾಕಿಸಿ. ಸಿಡಿಲಿಗೆ ಸರ್ಜ್ ಪ್ರೊಟೆಕ್ಷನ್ ಸಾಧನ ಬೇರೆ ಬೇಕು, ಅದು ಕೆಲಸ ಮಾಡುವುದು ಅರ್ತಿಂಗ್ ಚೆನ್ನಾಗಿದ್ದರೆ ಮಾತ್ರ. ದಾವಣಗೆರೆ-ಹರಿಹರದ ಎರೆಮಣ್ಣು ಬೇಸಗೆಯಲ್ಲಿ ಬಿರಿದು ಅರ್ತ್ ಪೈಪಿನಿಂದ ಸರಿದು ನಿಲ್ಲುತ್ತದೆ, ದುರ್ಗದ ಕಲ್ಲುನೆಲದಲ್ಲಿ ಪಸೆಯೇ ನಿಲ್ಲುವುದಿಲ್ಲ. ಮನೆ ನೋಡಲು ಬರುವವರು ಅರ್ತ್ ಗುಂಡಿಗೆ ಪ್ರತಿ ಸಲ ಎರಡು ಕೊಡ ನೀರು ಹಾಕಲಿ.

ಇನ್ವರ್ಟರನ್ನು ಕ್ಯಾಮೆರಾಕ್ಕೆಂದು ಆನ್ ಬಿಟ್ಟು ಹೋಗಬೇಡಿ. ಟ್ಯೂಬ್ಯುಲರ್ ಬ್ಯಾಟರಿಯ ನೀರು ಎರಡು ಮೂರು ತಿಂಗಳಲ್ಲಿ ಇಳಿಯುತ್ತದೆ, ಪ್ಲೇಟು ಬಯಲಾದ ಬ್ಯಾಟರಿ ಕಾಯುತ್ತದೆ, ಮುಚ್ಚಿದ ಕೋಣೆಯಲ್ಲಿ ಅದರ ಗ್ಯಾಸು ನಿಲ್ಲುತ್ತದೆ. ಡಿಸ್ಟಿಲ್ಡ್ ವಾಟರನ್ನು ಗುರುತಿನ ಮಟ್ಟಕ್ಕೆ ತುಂಬಿ, ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಇನ್ವರ್ಟರ್ ಆರಿಸಿ, ಪ್ಲಗ್ಗು ತೆಗೆದು, ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿ ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ. ಬಿಚ್ಚಿಟ್ಟ ಬ್ಯಾಟರಿಯೂ ತಾನೇ ಇಳಿಯುತ್ತದೆ, ನಮ್ಮ ಬೇಸಗೆಯಲ್ಲಿ ಇನ್ನೂ ಬೇಗ. ಎರಡು ತಿಂಗಳಿಗೊಮ್ಮೆ ಕೂಡಿಸಿ ಚಾರ್ಜ್ ಮಾಡದಿದ್ದರೆ ಪ್ಲೇಟಿನ ಮೇಲೆ ಬಿಳಿ ಪದರ ಕಟ್ಟಿ ಬ್ಯಾಟರಿ ಸತ್ತೇ ಹೋಗುತ್ತದೆ. ವೈಫೈಗೆ ಅಂಗೈಯಗಲದ 12 ವೋಲ್ಟಿನ ಮಿನಿ ಯುಪಿಎಸ್ ಸಾಕು.

ಫ್ರಿಜ್ಜನ್ನು ಖಾಲಿ ಮಾಡಿ ಒರೆಸಿ, ಹಿಂದಿನ ಟ್ರೇಯ ನೀರು ಚೆಲ್ಲಿ, ಬಾಗಿಲ ನಡುವೆ ಮಡಿಸಿದ ಟವೆಲ್ ಇಟ್ಟು ಮೂರು ಬೆರಳು ತೆರೆದಿಡಿ. ಮುಚ್ಚಿಟ್ಟರೆ ರಬ್ಬರಿಗೆಲ್ಲ ಬೂಷ್ಟು ಹಿಡಿಯುತ್ತದೆ. ಸಿಲಿಂಡರಿನ ರೆಗ್ಯುಲೇಟರ್ ತೆಗೆದು ಮುಚ್ಚಳ ಹಾಕಿ.

ನೀರು ಮತ್ತು ಮೋಟರು

ಖಾಲಿ ಮನೆಯ ಕರೆಂಟ್ ಬಿಲ್ಲು ಸಾವಿರ ದಾಟಿದೆ ಎಂದರೆ ಮೊದಲು ಅನುಮಾನಿಸಬೇಕಾದ್ದು ಬೋರಿನ ಆಟೋ ಸ್ವಿಚ್ಚು. ಟ್ಯಾಂಕಿನ ಕೆಳಗಿನ ಪೈಪಿನಲ್ಲಿ ಸಣ್ಣ ಸೋರಿಕೆ ಇದ್ದರೆ ಟ್ಯಾಂಕು ಇಳಿಯುತ್ತದೆ, ಸೆನ್ಸರ್ ಮೋಟರು ಹತ್ತಿಸುತ್ತದೆ, ಟ್ಯಾಂಕು ತುಂಬುತ್ತದೆ, ಮತ್ತೆ ಸೋರುತ್ತದೆ. ಬೇಸಗೆಯಲ್ಲಿ ಬೋರಿನ ನೀರು ಕೆಳಗೆ ಹೋದಾಗ ಇದೇ ಆಟೋ ಮೋಟರನ್ನು ಒಣಗಾಳಿಯಲ್ಲಿ ಓಡಿಸಿ ಸುಡುತ್ತದೆ. ಪ್ಯಾನಲ್ಲನ್ನು ಮ್ಯಾನುಯಲ್ಲಿಗೆ ತಿರುಗಿಸಿ, ಅದರ ಎಂಸಿಬಿ ಇಳಿಸಿ.

ಪೂರ್ತಿ ನಿಲ್ಲಿಸಿಬಿಟ್ಟರೂ ಕೇಡು. ನಮ್ಮ ಗಡುಸು ನೀರಿನಲ್ಲಿ ಮುಳುಗಿರುವ ಸಬ್‌ಮರ್ಸಿಬಲ್ ಪಂಪಿನ ಒಳಚಕ್ರಗಳಿಗೆ ಸುಣ್ಣ ಕೂತು ಬಿಗಿದುಕೊಳ್ಳುತ್ತವೆ. ಹದಿನೈದು ದಿನಕ್ಕೊಮ್ಮೆ 10 ನಿಮಿಷ ಓಡಿಸಬೇಕು. ಹೋಗುವ ಮೊದಲು ಪ್ಯಾನಲ್ಲಿನ ಆಂಪಿಯರ್ ಮೀಟರಿನ ಎಂದಿನ ಅಂಕಿಯನ್ನು ಅದರ ಮೇಲೇ ಮಾರ್ಕರಿನಿಂದ ಬರೆಯಿರಿ. ಮುಳ್ಳು ಅದಕ್ಕಿಂತ ಮೇಲೆ ನಿಂತರೆ ತಕ್ಷಣ ಆರಿಸಲು ಹೇಳಿ.

ನಲ್ಲಿ ನೀರು ಸಂಪಿಗೆ ಬರುವ ಗೇಟ್ ವಾಲ್ವ್ ಮುಚ್ಚಿ. ಫ್ಲೋಟ್ ವಾಲ್ವ್ ಒಂದನ್ನೇ ನಂಬಿದರೆ, ಅದು ಸಿಕ್ಕಿಕೊಂಡ ದಿನ ಸಂಪು ಉಕ್ಕಿ ಪಾಯದ ಕೆಳಗಿನ ಎರೆಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ಓವರ್‌ಹೆಡ್ ಟ್ಯಾಂಕಿನಿಂದ ಮನೆಗಿಳಿಯುವ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತಿರುಗಿಸಿ ಪೈಪು ಬರಿದು ಮಾಡಿ. ಬಚ್ಚಲು, ಮೋರಿಯ ಜಾಲರಿಯೊಳಗೆ ಒಂದು ತಂಬಿಗೆ ನೀರು ಹಾಕಿ ಅದರ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆಯ ಪದರವಿದ್ದರೆ ನೀರು ಬೇಗ ಆರುವುದಿಲ್ಲ, ಜಿರಳೆ, ವಾಸನೆ ಮೇಲೆ ಬರುವುದಿಲ್ಲ. ಕಮೋಡಿಗೂ ಹೀಗೇ ಮಾಡಿ.

ಚಾವಣಿಯ ಮೇಲಿನ ಗಾಜಿನ ಕೊಳವೆಯ ಸೋಲಾರ್ ವಾಟರ್ ಹೀಟರಿಗೆ ಮಾತ್ರ ತಣ್ಣೀರಿನ ದಾರಿ ಮುಚ್ಚಬೇಡಿ. ಬಳಸದ ನೀರು ಕುದ್ದು ಆವಿಯಾಗುತ್ತ ಹೋಗುತ್ತದೆ. ಮೇಲಿನಿಂದ ನೀರು ಸೇರದಿದ್ದರೆ ಕೊಳವೆ ಬರಿದಾಗಿ ಕಾಯುತ್ತದೆ, ನೀವು ಬಂದು ವಾಲ್ವ್ ತಿರುಗಿಸಿದ ಕೂಡಲೇ ತಣ್ಣೀರು ಬಿದ್ದು ಸಿಡಿಯುತ್ತದೆ. ಕೊಳವೆಗಳ ಮೇಲೆ ದಪ್ಪ ಟಾರ್ಪಾಲು ಬಿಗಿದು ಹೋಗುವುದು ಉತ್ತಮ. ಅಕಸ್ಮಾತ್ ಬರಿದಾಗಿದ್ದರೆ ಬೆಳಗಿನ ಜಾವ, ಬಿಸಿಲು ಬೀಳುವ ಮುಂಚೆ ನೀರು ಬಿಡಿ. ಕರೆಂಟು ತಯಾರಿಸುವ ಸೋಲಾರಿನ ಮಾತು ಬೇರೆ: ಗ್ರಿಡ್ಡಿಗೆ ಕೂಡಿಸಿದ ಇನ್ವರ್ಟರಿಗೆ ಹೊರಗಿನ ಲೈನು ಕಾಣದಿದ್ದರೆ ಅದು ತಾನೇ ನಿಲ್ಲುತ್ತದೆ. ಮನೆಯ ಮೈನ್ ಆರಿಸುವ ಭರದಲ್ಲಿ ಅದರ ಸ್ವಿಚ್ಚನ್ನೂ ಆರಿಸಿದರೆ ಖಾಲಿ ಮನೆಯಿಂದ ಬೆಸ್ಕಾಂಗೆ ಹೋಗಬೇಕಿದ್ದ ಅಷ್ಟೂ ಯೂನಿಟ್ ನಷ್ಟ.

ವಿಮೆ: ಬೆಲೆ ಕಟ್ಟುವುದರಿಂದ ಪತ್ರ ಬರೆಯುವವರೆಗೆ

ವಾಸದ ಮನೆಗೆ ಈಗ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ ಒಂದೇ ನಮೂನೆಯ ಪಾಲಿಸಿ ‘ಭಾರತ್ ಗೃಹ ರಕ್ಷಾ’, 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ದೊಂಬಿ, ನೀರಿನ ಟ್ಯಾಂಕು ಅಥವಾ ಪೈಪು ಒಡೆದು ಆಗುವ ಹಾನಿ, ಇವೆಲ್ಲ ಅದರಲ್ಲಿವೆ.

ವಿಮಾ ಮೊತ್ತಕ್ಕೆ ಸೈಟಿನ ಬೆಲೆ ಸೇರಿಸಬೇಡಿ. ಮನೆ ಸುಟ್ಟರೂ ಸೈಟು ಅಲ್ಲೇ ಇರುತ್ತದೆ. ಕಾರ್ಪೆಟ್ ಏರಿಯಾವನ್ನು ಇವತ್ತು ಹೊಸದಾಗಿ ಕಟ್ಟುವ ದರದಿಂದ ಗುಣಿಸಿ. 1,200 ಚದರಡಿ, ಚದರಡಿಗೆ 2,000 ರೂಪಾಯಿ ಎಂದುಕೊಂಡರೆ 24 ಲಕ್ಷ. ಮನೆಯೊಳಗಿನ ಸಾಮಾನಿಗೆ ಇದರ 20 ಶೇಕಡಾ, ಅಂದರೆ 4.8 ಲಕ್ಷ, ಪಟ್ಟಿ ಕೊಡದೆಯೇ ಸೇರುತ್ತದೆ. ಇದರ ಗರಿಷ್ಠ ಮಿತಿ 10 ಲಕ್ಷ. ಬ್ಯಾಂಕ್ ಸಾಲದ ಜತೆ ಮಾಡಿಸಿದ ಪಾಲಿಸಿ ಇದ್ದರೆ ಹುಡುಕಿ ತೆಗೆದು ತಾರೀಕು ನೋಡಿ. ಸಾಲ ತೀರಿದ ಮೇಲೆ ಅದು ನವೀಕರಣವಾಗದೆ ಬಿದ್ದಿರುವ ಮನೆಗಳು ಬಹಳ.

ಕಳ್ಳತನದ ವಿಷಯದಲ್ಲಿ ಜನ ಮೋಸಹೋಗುವುದು ಹೆಚ್ಚು. ಮೂಲ ಪಾಲಿಸಿಯಲ್ಲಿ ಕಳವಿಗೆ ಪರಿಹಾರ ಸಿಗುವುದು, ಬೆಂಕಿಯಂಥ ಅವಘಡ ನಡೆದು ಅದರ ಕಾರಣದಿಂದಲೇ 7 ದಿನದೊಳಗೆ ಆದ ಕಳವಿಗೆ ಮಾತ್ರ. ಬೀಗ ಮುರಿದು ಕದ್ದದ್ದಕ್ಕೆ ಬರ್ಗ್ಲರಿ ರಕ್ಷಣೆ ಬೇರೆಯಾಗಿ ಕೊಳ್ಳಬೇಕು. ಅದರಲ್ಲೂ ಬೀಗ, ಬಾಗಿಲು, ಕಿಟಕಿ ಒಡೆದ ಗುರುತು ಕೇಳುತ್ತಾರೆ. ಕೀಲಿಯನ್ನು ತುಳಸಿಕಟ್ಟೆಯ ಕೆಳಗೆ ಇಟ್ಟು ಹೋಗಿ, ಕಳ್ಳ ಅದರಿಂದಲೇ ತೆರೆದರೆ ಕ್ಲೇಮು ನಿಲ್ಲುವುದಿಲ್ಲ. ಒಡವೆಯನ್ನು ಖಾಲಿ ಮನೆಯಲ್ಲಿ ಇಡಲೇಬೇಡಿ. ಬ್ಯಾಂಕ್ ಲಾಕರಿನಲ್ಲಿಟ್ಟರೂ, ಬೆಂಕಿ ಕಳವುಗಳಿಗೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ಸೀಮಿತ ಎಂಬುದು ನೆನಪಿರಲಿ.

ಇನ್ನು ಖಾಲಿ ಮನೆಯ ಷರತ್ತು. ಹಳೆಯ ಬೆಂಕಿ ವಿಮೆಯ ಪಾಲಿಸಿಗಳಲ್ಲಿ, ಕಂಪನಿಯ ಒಪ್ಪಿಗೆ ಇಲ್ಲದೆ 30 ದಿನಕ್ಕಿಂತ ಹೆಚ್ಚು ಜನವಾಸ ಇಲ್ಲದಿದ್ದರೆ ರಕ್ಷಣೆ ನಿಲ್ಲುತ್ತದೆ ಎಂದು ಬರೆದಿದೆ. ಬರ್ಗ್ಲರಿ ಪಾಲಿಸಿಗಳಲ್ಲಿ ಈ ಗಡುವು ಇನ್ನೂ ಚಿಕ್ಕದಿರಬಹುದು, 7 ದಿನದ್ದೂ ಇದೆ. ನಿಮ್ಮ ಪಾಲಿಸಿಯಲ್ಲಿ ‘ಅನ್‌ಆಕ್ಯುಪೈಡ್’, ‘ಅನ್‌ಇನ್‌ಹ್ಯಾಬಿಟೆಡ್’ ಎಂಬ ಪದಗಳನ್ನು ಹುಡುಕಿ, ದಿನ ಎಣಿಸಿ. ಏಜೆಂಟ್ ‘ಏನೂ ಆಗಲ್ಲ ಬಿಡ್ರಿ’ ಎಂದರೆ ಅದು ಪುರಾವೆಯಾಗುವುದಿಲ್ಲ. ಪಾಲಿಸಿಯ ಮೇಲಿನ ಇಮೇಲ್ ವಿಳಾಸಕ್ಕೆ ಹೀಗೆ ಬರೆಯಿರಿ:

‘ಪಾಲಿಸಿ ಸಂಖ್ಯೆ ಇಂಥದ್ದು. ಈ ವಿಳಾಸದ ನನ್ನ ಮನೆ ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಜನವಾಸವಿಲ್ಲದೆ ಇರುತ್ತದೆ. ಕ್ಯಾಮೆರಾ ಲೈನು ಬಿಟ್ಟು ಉಳಿದ ವಿದ್ಯುತ್, ನೀರು, ಗ್ಯಾಸ್ ಬಂದ್ ಮಾಡಲಾಗಿದೆ. 15 ದಿನಕ್ಕೊಮ್ಮೆ ಇಂಥವರು ಬಂದು ನೋಡಿ ದಾಖಲಿಸುತ್ತಾರೆ. ಈ ಅವಧಿಗೆ ಬೆಂಕಿ ಮತ್ತು ಬರ್ಗ್ಲರಿ ರಕ್ಷಣೆ ಮುಂದುವರಿಯುವಂತೆ ಎಂಡಾರ್ಸ್‌ಮೆಂಟ್ ಕೊಡಿ. ಹೆಚ್ಚುವರಿ ಪ್ರೀಮಿಯಂ ಇದ್ದರೆ ತಿಳಿಸಿ.’

ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸಿ ಕಂಪನಿ ಕೊಡುವ ಒಪ್ಪಿಗೆಯ ಕಾಗದ, ಕೈಗೆ ಬಂದ ಮೇಲೆ ಮನೆಗೆ ಬೀಗ ಹಾಕಿ.

ಯಾವುದಕ್ಕೆ ಪರಿಹಾರವಿಲ್ಲ ಎಂಬುದೂ ತಿಳಿದಿರಬೇಕು. ವೋಲ್ಟೇಜ್ ಏರಿಯೋ ಶಾರ್ಟ್ ಆಗಿಯೋ ಟಿವಿ ತಾನೇ ಸುಟ್ಟರೆ ಆ ಟಿವಿಗೆ ದುಡ್ಡು ಬರುವುದಿಲ್ಲ. ಅದರಿಂದ ಹೊತ್ತಿದ ಬೆಂಕಿ ಪರದೆ, ಸೋಫಾ, ಚಾವಣಿ ಸುಟ್ಟರೆ ಅವಕ್ಕೆ ಬರುತ್ತದೆ. ಮೇಲೆ ಹೇಳಿದ ವೋಲ್ಟೇಜ್ ಪ್ರೊಟೆಕ್ಟರ್ ಈ ಕಾರಣಕ್ಕೂ ಬೇಕು. ಗೆದ್ದಲು, ತುಕ್ಕು, ನಿಧಾನವಾಗಿ ಇಳಿದ ಪಸೆ ಇವೂ ವಿಮೆಗೆ ಸೇರುವುದಿಲ್ಲ. ಟೆರೇಸಿನ ಮಳೆನೀರ ಕೊಳವೆಗೆ ಬೇವಿನೆಲೆ, ಹೊಂಗೆ ಎಲೆ ಕಟ್ಟಿಕೊಂಡು ಸ್ಲ್ಯಾಬು ಒಸರಿದರೆ ಅದು ನಿಮ್ಮ ಜೇಬಿನದೇ. ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಕೊನೆಗೆ ಒಮ್ಮೆ ಆ ಬಾಯಿ ಬಿಡಿಸಬೇಕು.

ನೋಡಿ ಬರುವವರ ಪುಸ್ತಕ

ಹದಿನೈದು ದಿನಕ್ಕೊಮ್ಮೆ ಬರಲು ನೆಂಟರೋ ಪಕ್ಕದ ಮನೆಯವರೋ ಒಪ್ಪಿದರೆ, ಮೀಟರ್ ಬೋರ್ಡಿನ ಹತ್ತಿರ 100 ಪುಟದ ನೋಟ್‌ಬುಕ್ಕು ತೂಗುಹಾಕಿ. ಬಂದವರು ಬರೆಯಬೇಕಾದ್ದು ಒಂದೇ ಸಾಲು: ತಾರೀಕು, ಮೀಟರ್ ಅಂಕಿ, ಮೋಟರಿನ ಆಂಪಿಯರ್, ಸಹಿ. ಜತೆಗೆ ಮೀಟರಿನದು, ಹಿಂಬಾಗಿಲಿನದು, ಅಡುಗೆಮನೆಯದು, ಸಂಪಿನದು ನಾಲ್ಕು ಫೋಟೊ ವಾಟ್ಸಾಪಿಗೆ. ಮೊದಲೇ ಪ್ರತಿ ಕೋಣೆಯ ವಿಡಿಯೊ, ಟಿವಿ ಫ್ರಿಜ್ಜುಗಳ ಸೀರಿಯಲ್ ನಂಬರು, ಬಿಲ್ಲುಗಳ ಫೋಟೊ ತೆಗೆದು ಮನೆಯ ಹೊರಗೆ ಎಲ್ಲಾದರೂ ಇಟ್ಟಿರಿ. ಬೀಟ್ ಪೊಲೀಸರ ಗಮನಕ್ಕೆ ಬರಲು ಹತ್ತಿರದ ಠಾಣೆಗೆ, ಮನೆ ಎಂದಿನಿಂದ ಎಂದಿನವರೆಗೆ ಬೀಗ ಹಾಕಿರುತ್ತದೆ ಎಂದು ಒಂದು ಅರ್ಜಿ ಕೊಡಿ.

ಅವಘಡವಾದರೆ ಬೆಂಕಿಗೆ 101, ಪೊಲೀಸರಿಗೆ 112, ಲೈನಿನ ತೊಂದರೆಗೆ 1912. ವಿಮೆ ಕಂಪನಿಗೆ ಅವತ್ತೇ ತಿಳಿಸಿ. ಮುಂದೆ ಹಾನಿ ಹೆಚ್ಚದಂತೆ ನೀರು, ಕರೆಂಟು ನಿಲ್ಲಿಸಬಹುದು, ಆದರೆ ಹಾನಿ ಅಂದಾಜು ಮಾಡಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ತನಕ ಸುಟ್ಟದ್ದನ್ನು, ಒಡೆದದ್ದನ್ನು ಗುಡಿಸಿ ಎಸೆಯಬಾರದು. ಕಳವಾದರೆ ಎಫ್‌ಐಆರ್, ಆಮೇಲೆ ಕಳ್ಳ ಪತ್ತೆಯಾಗದಿದ್ದರೆ ಠಾಣೆಯ ಅಂತಿಮ ವರದಿ ಬೇಕಾಗುತ್ತದೆ. ‘ಇದು ಯಾವತ್ತು ಆಯಿತು’ ಎಂಬುದು ಸರ್ವೇಯರ್ ಕೇಳುವ ಮೊದಲ ಪ್ರಶ್ನೆ. ನೋಟ್‌ಬುಕ್ಕಿನ ಕೊನೆಯ ಸಾಲು ಅದಕ್ಕೆ ಉತ್ತರ ಕೊಡುತ್ತದೆ. ಕ್ಲೇಮು ತಿರಸ್ಕಾರವಾದರೆ ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ತಕರಾರು ಅಲ್ಲಿ ತೀರುತ್ತದೆ, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಯುಗಾದಿಗೋ ದೀಪಾವಳಿಗೋ ಮನೆಗೆ ಬಂದಾಗ ಬಾಗಿಲು ತೆರೆದ ಕೂಡಲೇ ಸ್ವಿಚ್ಚು ಮುಟ್ಟಬೇಡಿ. ಎಲ್ಲ ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಡಿ, ಗ್ಯಾಸಿನ ವಾಸನೆ, ಸುಟ್ಟ ವಾಸನೆ ಇದೆಯೇ ನೋಡಿ. ಆಮೇಲೆ ಎಂಸಿಬಿ ಒಂದೊಂದಾಗಿ ಎತ್ತಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳುತ್ತದೆಯೇ ಖಾತ್ರಿ ಮಾಡಿಕೊಳ್ಳಿ. ಟ್ಯಾಂಕಿನ ವಾಲ್ವನ್ನು ಅರ್ಧ ಮಾತ್ರ ತಿರುಗಿಸಿ, ಗಾಳಿ ಹೋಗಿ ನಲ್ಲಿಯಲ್ಲಿ ಸಮನಾಗಿ ನೀರು ಬಂದ ಮೇಲೆ ಪೂರ್ತಿ ಬಿಡಿ. ಗೀಸರಿನ ಬಿಸಿನೀರ ನಲ್ಲಿಯಿಂದ ಧಾರೆ ಬಂದ ನಂತರವೇ ಗೀಸರ್ ಹಾಕಿ, ಬರಿದಾದ ಗೀಸರಿನ ಕಾಯಿಲ್ ಒಂದೆರಡು ನಿಮಿಷದಲ್ಲಿ ಸುಟ್ಟುಹೋಗುತ್ತದೆ. ರಾತ್ರಿ ಮಲಗುವ ಮುನ್ನ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿನ ಮಟ್ಟಕ್ಕೆ ಒಂದು ಗುರುತು ಹಾಕಿ, ಬೆಳಿಗ್ಗೆ ಎದ್ದು ಅದು ಇಳಿದಿದೆಯೇ ನೋಡಿ.